ಊರು ಹೆಗಲು ಕೊಡತಕ್ಕದ್ದು

ನಾನು ಬಾಯಿಬಡುಕಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ನಡೆದ ಅನಾಹುತಕ್ಕೆ ಅರ್ಧ ಕಾರಣ ನನ್ನ ಬಾಯಿ. ಇನ್ನರ್ಧ ಹನುಮಕ್ಕ ಸಿಸ್ಟರ್ ಅವರ ಎತ್ತರ.

ನನ್ನ ಹೆಸರು ಸರ್ವಮಂಗಳ. ನಲವತ್ತೇಳು ತುಂಬಿದೆ, ಮದುವೆಯಾಗಿಲ್ಲ. ಬಾವಿಕಟ್ಟೆಯ ಎದುರಿಗಿರುವ ತಟ್ಟೆ ಇಡ್ಲಿ ಹೋಟೆಲು ನನ್ನದೇ. ನಮ್ಮೂರಿಗೆ ಬಂದವರು ನನ್ನ ಹೋಟೆಲಿನ ಮುಂದೆ ಹಾದುಹೋಗದೆ ಎಲ್ಲಿಗೂ ಹೋಗಲಾರರು, ಹಾದುಹೋದವರು ನನ್ನ ಕೈಲಿ ಎರಡು ಮಾತು ಕೇಳದೆ ಮುಂದಕ್ಕೆ ಹೋಗಲಾರರು.

ನಮ್ಮೂರಲ್ಲಿ ಹೌದು ಅನ್ನಬೇಕಾದರೆ ಬಲಗೈ ಎತ್ತಬೇಕು, ಇಲ್ಲ ಅನ್ನಬೇಕಾದರೆ ಎಡಗೈ. ಬಾಯಲ್ಲಿ ಏನು ಬೇಕಾದರೂ ಅನ್ನಿ, ಅದು ಹರಟೆ. ಕೈ ಎತ್ತಿದರೆ ಮಾತ್ರ ಮಾತು. ಅದೂ ಸೊಳ್ಳೆ ಓಡಿಸಿದ ಹಾಗೆ ಎತ್ತಿದರಾಗದು, ಮೊಣಕೈ ಕಿವಿಯನ್ನು ದಾಟಿ ಮೇಲಕ್ಕೆ ಹೋಗಬೇಕು. ಬೇರೆ ಊರುಗಳಲ್ಲಿ ಕೈ ಎತ್ತಿದ ಅಂದರೆ ಹೊಡೆಯಲು ಬಂದ ಅಂತಲೋ, ನಡುನೀರಲ್ಲಿ ಬಿಟ್ಟ ಅಂತಲೋ ಅರ್ಥವಂತೆ. ನಮ್ಮಲ್ಲಿ ಮಾತು ಕೊಟ್ಟ ಅಂತ. ಊಟಕ್ಕೆ ಬಂದ ನೆಂಟರು ಬಾಯಲ್ಲಿ ಸಾಕು ಸಾಕು ಅನ್ನುತ್ತಾರೆ, ಎಡಗೈ ಮಾತ್ರ ಮಡಿಲಲ್ಲೇ ಇರುತ್ತದೆ, ನಾವು ಬಡಿಸುತ್ತಲೇ ಇರುತ್ತೇವೆ. ನಮ್ಮ ದರ್ಜಿಗಳು ರವಿಕೆಯ ಬಲ ಕಂಕುಳಲ್ಲಿ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟು ಹೊಲಿಯುತ್ತಾರೆ. ಎಡಗಡೆಯೂ ಬಿಡಿಸಿಕೊಂಡವರು ಜಗಳಗಂಟರು ಅಂತ ಊರವರ ಅಂದಾಜು. ನಾನು ಹದಿನಾರನೇ ವಯಸ್ಸಿನಿಂದ ಎರಡೂ ಕಡೆ ಬಿಡಿಸಿಕೊಳ್ಳುತ್ತಿದ್ದೇನೆ.

ಈಗ ಪಾಲಾಕ್ಷಪ್ಪನವರ ವಿಷಯ. ನನ್ನ ಹೋಟೆಲಿಗೆ ಅಂಟಿಕೊಂಡೇ ಅವರ ಸೈಕಲ್ ಶಾಪು. ಅವರು ಮಾತು ಕಡಿಮೆ, ದಿನಕ್ಕೆ ಇಪ್ಪತ್ತು ಮಾತಾಡಿದರೆ ಅವತ್ತು ಹಬ್ಬ. ನಮ್ಮಲ್ಲಿ ಒಬ್ಬರು ಇನ್ನೊಬ್ಬರನ್ನು ಮದುವೆಗೆ ಮೂರೇ ಸಲ ಕೇಳಬಹುದು, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಒಂಬತ್ತು ವರ್ಷ ಕಳೆಯಬೇಕು. ಮೊದಲ ಸಲ ಅವರು ಕೇಳಿದಾಗ ನನಗೆ ಇಪ್ಪತ್ತೊಂಬತ್ತು. ಆಗ ಅವರ ಕೈಗೆ ಗ್ರೀಸು ಮೆತ್ತಿತ್ತು, ನನ್ನ ತಲೆಗೆ ಕೊಬ್ಬು ಮೆತ್ತಿತ್ತು. ಎಡಗೈ ಎತ್ತಿದೆ. ಎರಡನೇ ಸಲ ಕೇಳಿದಾಗ ನನ್ನ ಹೋಟೆಲು ಹೊಸದು. ಇಡ್ಲಿ ಆಸೆಗೆ ಕೇಳುತ್ತಿದ್ದಾರೆ ಅಂತ ಯಾರೋ ನಗಾಡಿದರು, ನನಗೆ ರೇಗಿತು, ಮತ್ತೆ ಎಡಗೈ ಎತ್ತಿದೆ. ಆಮೇಲೂ ಅವರು ದಿನಾ ಬೆಳಿಗ್ಗೆ ಬಂದು, ಎರಡು ಇಡ್ಲಿ ತಿಂದು, ನನ್ನ ಪಂಪ್ ಸ್ಟೌವಿನ ಬರ್ನರ್‌ಗೆ ಪಿನ್ನು ಹೊಡೆದು, ಸುಮ್ಮನೆ ಹೋಗುತ್ತಿದ್ದರು. ಒಂದು ಸಲ ಜ್ವರ ಬಂದು ನಾಲ್ಕು ದಿನ ಬರಲಿಲ್ಲ. ಮೊದಲನೇ ದಿನವೇ ನಾನು ಎಂಟು ಸಲ ಬಾಗಿಲಿಗೆ ಬಂದು ನೋಡಿದೆ. ಎಂಟನೇ ಸಲ ನೋಡುವಾಗ ನನಗೇ ಗೊತ್ತಾಯಿತು, ಈ ಮನುಷ್ಯ ಅಂದರೆ ನನಗೆ ಇಷ್ಟ ಅಂತ. ಏನು ಮಾಡೋಣ, ಆಗಿನ್ನೂ ಒಂಬತ್ತರಲ್ಲಿ ಮೂರು ವರ್ಷ ಬಾಕಿಯಿತ್ತು.

ಕಾದೆ. ಕಳೆದ ಆಷಾಢದಲ್ಲಿ ಅವರು ಮೂರನೇ ಸಲಕ್ಕೆ ಅರ್ಜಿ ಹಾಕಿದರು. ಮಾಘ ಹುಣ್ಣಿಮೆಯ ದಿನ ಬೆಳಿಗ್ಗೆ ಹತ್ತಕ್ಕೆ, ಕೇಳುವ ಕಟ್ಟೆಯಲ್ಲಿ ಅಂತ ನೋಟೀಸು ನನ್ನ ಕೈಗೆ ಬಂತು. ಆ ದಿನದವರೆಗೆ ಕೇಳುವವರೂ ಕೇಳಿಸಿಕೊಳ್ಳುವವರೂ ಆ ವಿಷಯ ಎತ್ತಬಾರದು. ಕಟ್ಟೆಯಲ್ಲಿ ಜಾಗಟೆ ಹೊಡೆಯುತ್ತಾರೆ, ಅದರ ಗುಂಯ್ ಅನ್ನುವ ಸದ್ದು ಅಡಗುವುದರೊಳಗೆ ಕೈ ಎತ್ತಬೇಕು. ಯಾವ ಕೈಯೂ ಏಳದಿದ್ದರೆ ಇಲ್ಲ ಅಂತಲೇ ಅರ್ಥ. ಮೂರನೆಯ ಇಲ್ಲ ಅಂದರೆ ಈ ಜನ್ಮಕ್ಕೆ ಇಲ್ಲ. ಆ ನೋಟೀಸನ್ನು ನಾನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು, ದಿನಕ್ಕೆರಡು ಸಲ ತೆಗೆದು ನೋಡುತ್ತಿದ್ದೆ.

ನೋಟೀಸು ಬಂದ ವಾರದಲ್ಲೇ ಗಂಟಲು ಜ್ವರದ ಲಸಿಕೆ ಬಂತು. ಊರ ಆಸ್ಪತ್ರೆಯಲ್ಲಿ ಉದ್ದನೆಯ ಸಾಲು. ಸೂಜಿ ಹಾಕುವವರು ಹನುಮಕ್ಕ ಸಿಸ್ಟರ್, ಬಾಗಿಲಿಗೆ ತಲೆ ತಗುಲದಂತೆ ಬಗ್ಗಿ ಬರುವಷ್ಟು ಎತ್ತರದ ಹೆಂಗಸು. ಕೂರುವವರಿಗೆ ಇಟ್ಟಿದ್ದದ್ದು ಕಾಲು ಕೊಯ್ದ ಮೊಣಕಾಲೆತ್ತರದ ಸ್ಟೂಲು. ನಮ್ಮಲ್ಲಿ ಸೂಜಿ ಯಾವಾಗಲೂ ಬಲಗೈಗೇ. ಇಲ್ಲ ಅನ್ನುವ ಕೈಗೆ ಹಾಕಿದರೆ ಒಲ್ಲದವರಿಗೆ ಹಾಕಿದಂತಾಗುತ್ತದೆ ಅಂತ ಪದ್ಧತಿ. ಸಿಸ್ಟರ್ ಒಪ್ಪಿಗೆ ಕೇಳಬೇಕು, ನಾವು ಬಲಗೈ ಎತ್ತಬೇಕು, ಇಳಿಸಬೇಕು, ಆಮೇಲೆ ಸೂಜಿ.

"ಮಂಗಳಕ್ಕ, ಸೂಜಿಗೆ ಒಪ್ಪಿಗೆನಾ?" ಅಂದರು ಹನುಮಕ್ಕ.

ನಾನು ಬಲಗೈ ಎತ್ತಿದೆ. ಎತ್ತಿದ ಕೈಯನ್ನು ನೋಡಿದ್ದೇ ತಡ, ನನಗೆ ಮಾಘ ಹುಣ್ಣಿಮೆ ನೆನಪಾಯಿತು. ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂತು. "ಯಾರಿಗೂ ಹೇಳ್ಬೇಡಿ ಸಿಸ್ಟರ್. ಪಾಲಾಕ್ಷಪ್ಪೋರು ಮೂರನೇ ಸಲ ಕೇಳ್ತಾರಂತೆ. ಈ ಸಲ ನಾನು ಇದೇ ಕೈನ ಹಿಂಗೇ ಎತ್ತೋಳು, ನೋಡ್ತಿರಿ. ಸೀರೆ ಯಾವ್ದು ಉಡ್ಲಿ ಅಂತ ಮಾತ್ರ…"

ನನ್ನ ಹಿಂದೆ ನಲವತ್ತು ಜನ ನಿಂತಿದ್ದರು. ಹನುಮಕ್ಕನವರಿಗೆ ನನ್ನ ಮಾತು ಕೇಳಿ ಸಂತೋಷ, ಸಾಲು ನೋಡಿ ಅವಸರ. ನಗುನಗುತ್ತಲೇ, ನಿಂತಲ್ಲಿಂದಲೇ, ಎತ್ತಿದ ಕೈಗೇ ಸೂಜಿ ಚುಚ್ಚಿಬಿಟ್ಟರು. ನಾನು ಹಸಿರು ಸೀರೆಯ ಅಂಚಿನ ವರ್ಣನೆಯಲ್ಲಿದ್ದೆ. ಅಮ್ಮಾ ಅಂದೆ.

ಮಾರನೆಯ ದಿನ ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯಲು ಹೋದರೆ ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲಕ್ಕೆ ಎತ್ತಿದರೆ ಹೆಗಲೊಳಗೆ ಬೆಂಕಿ. ಸೂಜಿ ನೋವು ಎರಡು ದಿನ ಇದ್ದೇ ಇರುತ್ತದೆ ಅಂದುಕೊಂಡೆ. ವಾರವಾಯಿತು, ಎರಡು ವಾರವಾಯಿತು. ಜಡೆ ಹಾಕಿಕೊಳ್ಳಲಾಗಲಿಲ್ಲ, ಗಂಟು ಹಾಕಿಕೊಂಡೆ. ಕೊನೆಗೆ ಹನುಮಕ್ಕನವರೇ ಹೋಟೆಲಿಗೆ ಬಂದು ಹೆಗಲು ಮುಟ್ಟಿ ನೋಡಿದರು. ಸೂಜಿ ಬಿದ್ದ ಕಲೆ ಕಂಡ ಕೂಡಲೇ ಅವರ ಮುಖ ಸಪ್ಪೆಯಾಯಿತು.

"ಅಯ್ಯೋ ನನ್ನ ಕೈಗಿಷ್ಟು! ತೋಳಿನ ಮಾಂಸಕ್ಕೆ ಬೀಳ್ಬೇಕಾಗಿದ್ದು ಮೇಲಕ್ಕೆ, ಕೀಲಿಗೆ ಬಿದ್ದೈತೆ ಮಂಗಳಕ್ಕ. ಮದ್ದಲ್ಲಿ ಏನೂ ತಪ್ಪಿಲ್ಲ, ಜಾಗ ತಪ್ಪೈತೆ. ತಪ್ಪು ನಂದು."

"ನಿಮ್ದು ಅರ್ಧ" ಅಂದೆ. ಆದರೂ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅವತ್ತು ಅವರಿಗೆ ಚಟ್ನಿ ಎರಡನೇ ಸಲ ಬಡಿಸಲಿಲ್ಲ.

ನನಗೆ ಒದಗಿದ ಗತಿ ಊಹಿಸಿಕೊಳ್ಳಿ. ಬಲಗೈ ಏಳುವುದಿಲ್ಲ, ಎಡಗೈ ಚೆನ್ನಾಗಿದೆ. ಅಂದರೆ ಊರಿನ ದೊಡ್ಡ ಬಾಯಿಬಡುಕಿ ಇನ್ನು ಮೇಲೆ ಇಲ್ಲ ಅನ್ನಬಲ್ಲಳೇ ಹೊರತು ಹೌದು ಅನ್ನಲಾರಳು! ಮೊದಲ ಮೂರು ದಿನ ಹಾಲಿನವಳು "ಹಾಲು ಬೇಕಾ?" ಅಂತ ಕೇಳಿ, ನನ್ನ ಕೈ ಏಳದಿದ್ದದ್ದು ಕಂಡು, ನಿಯಮ ನಿಯಮವೇ ಅಂತ ಹಾಲು ವಾಪಸ್ಸು ಒಯ್ದಳು. ನಾಲ್ಕನೇ ದಿನ ಅವಳಿಗೇ ಬುದ್ಧಿ ಓಡಿತು. "ಹಾಲು ಬೇಡ್ವಾ?" ಅಂದಳು. ನಾನು ಎಡಗೈ ಎತ್ತಿದೆ, ಹಾಲು ಬಂತು. ಅಂದಿನಿಂದ ಇಡೀ ಪೇಟೆ ನನಗೆ ಮಾತ್ರ ತಿರುವುಮುರುವಾಗಿ ಕೇಳತೊಡಗಿತು. ಅಕ್ಕಿ ಬೇಡ್ವೇನಕ್ಕ, ಉದ್ದು ಸಾಕೇನಕ್ಕ, ಇವತ್ತು ರಜಾನಾ. ನನ್ನ ಎಡಗೈ ಬೆಳಗಿನಿಂದ ಸಂಜೆವರೆಗೆ ಬಾವುಟದ ಕೋಲಿನಂತೆ ನಿಂತಿರುತ್ತಿತ್ತು.

ಪೇಟೆಯಲ್ಲಿ ಸಾಗಿತು, ಕಟ್ಟೆಯಲ್ಲಿ ಸಾಗುವುದಿಲ್ಲ. ಅಲ್ಲಿ ಕೇಳುವ ಮಾತು ಕಲ್ಲಿನಲ್ಲಿ ಕೊರೆದದ್ದು: "ನನ್ನೊಡನೆ ಬಾಳಲು ಒಪ್ಪಿಗೆಯೇ?" ಒಂದಕ್ಷರ ಆಚೀಚೆ ಮಾಡುವಂತಿಲ್ಲ. ದಿನ ಮುಂದಕ್ಕೆ ಹಾಕಿ ಅಂತ ಕೇಳಿಕೊಳ್ಳೋಣವೆಂದರೆ ಆ ಅರ್ಜಿಗೂ ಬಲಗೈ ಎತ್ತಬೇಕು. ಪಾಲಾಕ್ಷಪ್ಪನವರು ಅರ್ಜಿ ವಾಪಸ್ಸು ತೆಗೆದುಕೊಂಡರೆ ಕೇಳಿದಂತೆಯೇ ಲೆಕ್ಕ. ಅವರಂತೂ ದಿನಾ ಇಡ್ಲಿ ತಿನ್ನುತ್ತಾ ನನ್ನ ಎಡಗೈ ಏಳುವುದನ್ನೇ ನೋಡುತ್ತಿದ್ದರು. ಇವಳ ಬಾಯಲ್ಲಿ ಇಲ್ಲದ ಇಲ್ಲ ಇವಳ ಕೈಯಲ್ಲಿದೆ ಅಂದುಕೊಂಡರೋ ಏನೋ, ಮೊದಲೇ ಸಣ್ಣಗಿದ್ದ ಮನುಷ್ಯ ಇನ್ನೂ ಸಣ್ಣಗಾದರು. ಬಾಯಿ ಬಿಟ್ಟು ಹೇಳುವಂತಿಲ್ಲ. ನನ್ನಂಥವಳಿಗೆ ಬಾಯಿ ಮುಚ್ಚಿಕೊಂಡಿರುವುದು ಹೆಗಲ ನೋವಿಗಿಂತ ಕಷ್ಟವಾಯಿತು. ರಾತ್ರಿ ಅಲ್ಲ, ಹಗಲಲ್ಲೇ, ಚಟ್ನಿ ರುಬ್ಬುತ್ತಾ ಎರಡು ಸಲ ಅತ್ತಿದ್ದೇನೆ. ಹಸಿಮೆಣಸಿನಕಾಯಿ ಅಂತ ಹೇಳಿ ತಪ್ಪಿಸಿಕೊಂಡೆ.

ಹನುಮಕ್ಕನವರೇ ದಾರಿ ತೋರಿಸಿದರು. "ನನ್ನ ಮೇಲೆ ಮುನಿಸ್ಕೊಂಡು ಕೂತ್ರೆ ಹೆಗಲು ಸರಿಹೋಗಲ್ಲ ಮಂಗಳಕ್ಕ. ಪರಿಹಾರಕ್ಕೆ ಕೇಸು ಹಾಕಿ. ಊರ ಕಾನೂನಲ್ಲೇ ಐತೆ. ನಾನೇ ಸಾಕ್ಷಿ ಹೇಳ್ತೀನಿ."

ಊರ ಕಚೇರಿಯ ಗುಮಾಸ್ತ ತಿಪ್ಪೇಸ್ವಾಮಿ ನಿಯಮದ ಪುಸ್ತಕ ತೆಗೆದು ಬೆರಳಿಟ್ಟು ಓದಿದರು: "ಊರ ಸೂಜಿಯಿಂದ ಹೆಗಲು ಕೆಟ್ಟವರಿಗೆ ಊರು ಹೆಗಲು ಕೊಡತಕ್ಕದ್ದು." ಓದಿ, ಡ್ರಾಯರಿನಿಂದ ಹಳದಿ ಚೀಟಿಯೊಂದನ್ನು ತೆಗೆದು ನನ್ನ ಮುಂದಿಟ್ಟರು.

"ಏನಿದು?"

"ನಿಮ್ಮ ಪರಿಹಾರ. ನೀವು ತೀರ್ಕೊಂಡ ದಿನ ಈ ಚೀಟಿ ತೋರಿಸಿದ್ರೆ ಊರ ಖರ್ಚಲ್ಲಿ ನಾಲ್ಕು ಜನ ಬಂದು ಹೆಗಲು ಕೊಡ್ತಾರೆ."

"ತೀರ್ಕೊಂಡ ಮೇಲೆ ಚೀಟಿ ನಾನೇ ತೋರಿಸ್ಬೇಕಾ?"

"ಮನೆಯೋರು ತೋರಿಸಿದ್ರೂ ನಡೀತದೆ" ಅಂದರು ತಿಪ್ಪೇಸ್ವಾಮಿ ಗಂಭೀರವಾಗಿ. "ಇಲ್ಲೀವರೆಗೆ ಹದಿನೇಳು ಜನ ತಗೊಂಡವ್ರೆ. ಹನ್ನೊಂದು ಜನ ಉಪಯೋಗಿಸ್ಕೊಂಡೂ ಆಯ್ತು. ಒಬ್ರೂ ಬಂದು ದೂರು ಹೇಳಿಲ್ಲ."

ನನಗೆ ನಗಬೇಕೋ ಬಯ್ಯಬೇಕೋ ತಿಳಿಯದೆ ಎರಡನ್ನೂ ಮಾಡಿದೆ. "ನನ್ನ ಹೆಗಲು ಕೆಟ್ಟಿರೋದು ಈಗ ಕಣ್ರೀ! ಹೆಣಕ್ಕೆ ಯಾಕ್ರೀ ಕೈ ಎತ್ತೋ ಉಸಾಬರಿ?" ಅಂದು ಚೀಟಿಯನ್ನು ಅಲ್ಲೇ ಬಿಟ್ಟು, ಕಟ್ಟೆಯ ನ್ಯಾಯಕ್ಕೆ ಅರ್ಜಿ ಕೊಟ್ಟು ಬಂದೆ. ನ್ಯಾಯದ ಅರ್ಜಿಗೆ ಮಾತ್ರ ಕೈ ಎತ್ತಬೇಕಾಗಿಲ್ಲ, ದೇವರು ದೊಡ್ಡವನು.

ನ್ಯಾಯ ಹೇಳುವವರು ಖಮರುನ್ನೀಸಾ ಅಮ್ಮ, ಎಪ್ಪತ್ತು ದಾಟಿದ ಹಿರಿಯರು. ಎಲೆ ಅಡಿಕೆ ಬಾಯಿಗಿಟ್ಟುಕೊಂಡರೆ ಅದು ಮುಗಿಯುವುದರೊಳಗೆ ತೀರ್ಪು ಕೊಡುವುದು ಅವರ ವಾಡಿಕೆ. ವಿಚಾರಣೆಯ ದಿನ ಕಟ್ಟೆಯ ಪಕ್ಕದ ಸಭಾಂಗಣ ತುಂಬಿತ್ತು, ಹೋಟೆಲು ಮುಚ್ಚಿದ್ದರಿಂದ ಊರಿಗೆ ಬೇರೆ ಕೆಲಸವಿರಲಿಲ್ಲ. ಊರ ಪರವಾಗಿ ತಿಪ್ಪೇಸ್ವಾಮಿಯೇ ಎದ್ದು ನಿಂತರು.

"ನಿಜವನ್ನೇ ಹೇಳ್ತೀರಾ? ಪ್ರಮಾಣ ಮಾಡಿ."

ನನ್ನ ಬಲಗೈ ಎದೆಯವರೆಗೆ ಬಂದು ಕೆಳಗೆ ಬಿತ್ತು.

"ಕೈ ಏಳಲಿಲ್ಲ ಅಮ್ಮಾವ್ರೇ. ಪ್ರಮಾಣ ಇಲ್ಲ, ಸಾಕ್ಷಿ ಇಲ್ಲ, ಕೇಸೇ ಇಲ್ಲ."

"ಕೈ ಏಳಲ್ಲ ಅಂತಾನೇ ಕಣಯ್ಯಾ ಕೇಸು!" ಅಂತ ನಾನು ಕಿರುಚಿದೆ.

"ಅದನ್ನೇ ಕೈ ಎತ್ತಿ ಹೇಳಿ."

ಸಭೆ ಗೊಳ್ಳೆಂದಿತು. ಖಮರುನ್ನೀಸಾ ಅಮ್ಮ ನಗಲಿಲ್ಲ. ಎಲೆಗೆ ಸುಣ್ಣ ಸವರಿ, ಮಡಿಚಿ ಬಾಯಿಗಿಟ್ಟುಕೊಂಡು, ನನ್ನ ಕಡೆ ತಿರುಗಿದರು. "ಸರ್ವಮಂಗಳಾ, ನೀನು ಸುಳ್ಳು ಹೇಳ್ತೀಯೇನಮ್ಮಾ?"

ನಾನು ಎಡಗೈ ಎತ್ತಿದೆ.

"ಬರ್ಕೊಳ್ಳಪ್ಪ ತಿಪ್ಪೇಸ್ವಾಮಿ, ಪ್ರಮಾಣ ಆಯ್ತು." ಆಮೇಲೆ ಒಂದರ ಹಿಂದೊಂದು ಕೇಳಿದರು. ನಿನ್ನ ಬಲಹೆಗಲು ಸರಿಯಾಗಿದೆಯಾ? ಎಡಗೈ. ಸೂಜಿಗೆ ಮುಂಚೆ ಆ ಹೆಗಲಲ್ಲಿ ನೋವಿತ್ತಾ? ಎಡಗೈ. ಎಲ್ಲಾದರೂ ಬಿದ್ದು ಪೆಟ್ಟು ಮಾಡಿಕೊಂಡಿದ್ದೆಯಾ? ಎಡಗೈ. ಸೂಜಿ ಆದಮೇಲೆ ಎರಡು ದಿನ ಕಳೆದು ನೋವು ಶುರುವಾಯಿತಾ? ಎಡಗೈ. "ಹೆಗಲು ಬಿಟ್ಟು ಬೇರೆ ಎಲ್ಲಾದ್ರೂ ನೋಯ್ತದಾ?"

ನಾನು ತಡೆದೆ. "ಮೊಣಕಾಲು ಸ್ವಲ್ಪ…"

"ಅದು ಇಡ್ಲಿ ಒಲೆ ಮುಂದೆ ನಿಂತು ಬಂದಿದ್ದು, ಸೂಜಿದಲ್ಲ. ಎತ್ತು ಕೈ."

ಎತ್ತಿದೆ. ಹನುಮಕ್ಕನವರು ಎದ್ದು ಬಂದು, ಯಾರೂ ಕೇಳುವ ಮೊದಲೇ ಬಲಗೈ ಎತ್ತಿದರು. ಅವರ ಬೆರಳು ಮಾಡಿನ ತೊಲೆಗೆ ತಗುಲಿ ಧೂಳು ಉದುರಿತು. "ನಾನು ಕೂತ್ಕೊಂಡು ಹಾಕ್ಬೇಕಿತ್ತು, ನಿಂತು ಹಾಕ್ದೆ. ಕೈ ಇಳಿಸೋವರೆಗೆ ಕಾಯ್ಬೇಕಿತ್ತು, ಕಾಯ್ಲಿಲ್ಲ. ತಪ್ಪು ನಂದು ತಾಯಿ."

ತಿಪ್ಪೇಸ್ವಾಮಿ ಸೋಲಲು ತಯಾರಿರಲಿಲ್ಲ. "ತಪ್ಪು ಯಾರ್ದಾದ್ರೂ ಆಗ್ಲಿ, ಪರಿಹಾರ ಏನು ಅಂತ ಪುಸ್ತಕದಲ್ಲೈತೆ. ಹೆಗಲು ಕೊಡೋದು ಅಂದ್ರೆ ಸತ್ತಾಗ ಕೊಡೋದು. ಮುಂಚಿಂದ ನಡ್ಕೊಂಡು ಬಂದೈತೆ."

ಖಮರುನ್ನೀಸಾ ಅಮ್ಮ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಹೋದ ವರ್ಷ ನಿನ್ನ ಮಗಳ ಮದುವೆ ಆಯ್ತಲ್ಲಪ್ಪ. ನೀನೊಬ್ಬನೇ ಓಡಾಡ್ತಿದ್ದಾಗ ಊರವರು ಹೆಗಲು ಕೊಟ್ರಾ?"

ತಿಪ್ಪೇಸ್ವಾಮಿಯವರ ಕಣ್ಣು ತುಂಬಿತು, ಒಳ್ಳೆಯ ಮನುಷ್ಯ. ಬಲಗೈ ಎತ್ತಿದರು. "ಕೊಟ್ರು ಅಮ್ಮಾವ್ರೇ. ಚಪ್ಪರದಿಂದ ಊಟದೆಲೆವರೆಗೂ."

"ಅವತ್ತು ಯಾರು ಸತ್ತಿದ್ರು?"

ಸಭೆಯಲ್ಲಿ ಎದ್ದ ನಗುವಿಗೆ ತಿಪ್ಪೇಸ್ವಾಮಿಯವರೂ ಸೇರಿಕೊಂಡರು. ಎಲೆ ಅಡಿಕೆ ಮುಗಿಯುವುದರೊಳಗೆ ತೀರ್ಪು ಬಂತು. ಹೆಗಲನ್ನು ಬದುಕಿರುವಾಗಲೇ ಕೊಡತಕ್ಕದ್ದು. ಊರ ಪರವಾಗಿ ಹನುಮಕ್ಕ ದಿನಕ್ಕೊಂದು ಗಂಟೆ ನನ್ನ ಹೆಗಲಿನ ಆರೈಕೆ ಮಾಡತಕ್ಕದ್ದು. ನಾನು ಎಲ್ಲಿ ಹೌದು ಅನ್ನಬೇಕೋ ಅಲ್ಲಿ ಅವರ ಹೆಗಲು ಆಸರೆಗಿರತಕ್ಕದ್ದು. ಆಸರೆ ಪಡೆದು ತಾನೇ ಎತ್ತಿದ ಕೈಯೂ ಕೈಯೇ, ಬೇರೆಯವರು ಹಿಡಿದೆತ್ತಿದ ಕೈ ಮಾತ್ರ ಕೈಯಲ್ಲ. ಚೀಟಿ ಹಿಡಿದುಕೊಂಡು ಸಾವಿಗಾಗಿ ಕಾಯುತ್ತಿದ್ದ ಉಳಿದ ಆರು ಜನಕ್ಕೂ ಇದೇ ಅನ್ವಯ. ಇನ್ನು ಮುಂದೆ ಸಿಸ್ಟರ್ ಕೂತೇ ಸೂಜಿ ಹಾಕತಕ್ಕದ್ದು, ಆಸ್ಪತ್ರೆಯಲ್ಲಿ "ಕೈ ಇಳಿಸಿ, ಬಾಯಿ ಮುಚ್ಚಿ" ಅಂತ ಬೋರ್ಡು ಹಾಕತಕ್ಕದ್ದು. ಬೋರ್ಡಿನ ಎರಡನೇ ಭಾಗ ನನಗೋಸ್ಕರವೇ ಬರೆಸಿದ್ದು.

"ಆದರೆ ಒಂದು," ಅಂದರು ಖಮರುನ್ನೀಸಾ ಅಮ್ಮ. "ಮೊಣಕೈ ಕಿವಿ ದಾಟಲೇಬೇಕು ಮಗಳೇ. ಅದು ಕಲ್ಲಲ್ಲಿದೆ. ಕಲ್ಲನ್ನ ನಾನು ತಿದ್ದಲಾರೆ."

ಆವತ್ತಿನಿಂದ ದಿನಾ ಮಧ್ಯಾಹ್ನ ಮೂರಕ್ಕೆ, ಹೋಟೆಲಿನಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ, ಹನುಮಕ್ಕ ಬರುತ್ತಿದ್ದರು. ಮೊದಲು ಬಿಸಿ ಉಪ್ಪಿನ ಗಂಟಿನ ಶಾಖ, ಆಮೇಲೆ ಗೋಡೆ ಹತ್ತುವ ಕೆಲಸ. ಗೋಡೆಯ ಪಕ್ಕ ಕೂತು ಬಲಗೈಯ ಬೆರಳುಗಳನ್ನು ಜೇಡದ ಹಾಗೆ ಒಂದೊಂದೇ ಹೆಜ್ಜೆ ಮೇಲಕ್ಕೆ ಹತ್ತಿಸಬೇಕು. ಎಲ್ಲಿ ನಿಂತಿತೋ ಅಲ್ಲಿ ಇದ್ದಿಲಿನ ಗೀಟು. "ಇನ್ನೊಂದು ಹೆಜ್ಜೆ ಮಂಗಳಕ್ಕ, ಇನ್ನೊಂದೇ ಒಂದು" ಅನ್ನುತ್ತಿದ್ದರು. ನಾನು ಅವರ ಏಳು ತಲೆಮಾರನ್ನೂ ಬಯ್ಯುತ್ತಿದ್ದೆ, ಅವರು ನಗುತ್ತಿದ್ದರು. ಎರಡನೇ ವಾರಕ್ಕೆ ಚಟ್ನಿ ಮತ್ತೆ ಶುರುವಾಯಿತು. ಬೆಳಿಗ್ಗೆ ಬರುವ ಗಿರಾಕಿಗಳು ಇಡ್ಲಿಗಿಂತ ಮೊದಲು ಗೋಡೆ ನೋಡುತ್ತಿದ್ದರು. ನಿನ್ನೆಗಿಂತ ಒಂದು ಬೆರಳು ಮೇಲಿದೆ ಅಂತ ಅವರೊಳಗೇ ಸಂಭ್ರಮ.

ಪಾಲಾಕ್ಷಪ್ಪನವರೂ ದಿನಾ ಗೋಡೆ ನೋಡುತ್ತಿದ್ದರು. ಒಂದು ದಿನ ಹಳೆಯ ಸೈಕಲ್ಲಿನ ಚಕ್ರವೊಂದನ್ನು ತಂದು, ಟೈರು ಬಿಚ್ಚಿ, ನನ್ನ ಹೋಟೆಲಿನ ತೊಲೆಗೆ ತೂಗುಹಾಕಿ, ರಿಮ್ಮಿನ ಮೇಲೆ ಹಗ್ಗ ಹಾಯಿಸಿದರು. ಹಗ್ಗದ ಎರಡು ತುದಿಗೂ ಹ್ಯಾಂಡಲಿನ ರಬ್ಬರು ಹಿಡಿ. ಎಡಗೈ ಕೆಳಗೆ ಎಳೆದರೆ ಬಲಗೈ ತಾನಾಗಿ ಮೇಲೆ ಬರುತ್ತದೆ. ಇಲ್ಲ ಅನ್ನುವ ಕೈ ಹೌದು ಅನ್ನುವ ಕೈಯನ್ನು ಎತ್ತುತ್ತದೆ! ನಾನು ಮೂಕಳಾಗಿ ನಿಂತೆ, ನನ್ನ ಜೀವಮಾನದಲ್ಲಿ ಅದೇ ಮೊದಲು.

"ಇದು ಯಾಕೆ ಮಾಡಿದ್ರಿ?" ಅಂದೆ ಕೊನೆಗೆ.

"ನೋವು ಕಮ್ಮಿ ಆಗ್ಲಿ ಅಂತ ಮಂಗಳಮ್ಮೋರೆ," ಅಂದರು ನೆಲ ನೋಡುತ್ತಾ. "ನೀವು ಯಾವ ಕೈ ಎತ್ತಿದ್ರೂ ಸರಿ. ನೋವಿಲ್ದೆ ಎತ್ತೋ ಹಂಗಾಗ್ಲಿ."

ಹದಿಮೂರು ಮಾತು. ಅವರು ಹೋದ ಮೇಲೆ ನಾನು ಮೆಣಸಿನಕಾಯಿ ಇಲ್ಲದೆಯೇ ಅತ್ತೆ.

ಹೀಗೆ ಮಾಘ ಬಂತು. ಹುಣ್ಣಿಮೆಯ ಹಿಂದಿನ ಮಧ್ಯಾಹ್ನ ಹನುಮಕ್ಕ ಕೊನೆಯ ಗೀಟು ಹಾಕಿದರು. ನನ್ನ ಮೊಣಕೈ ದವಡೆಯ ಹತ್ತಿರ ಬಂದು ನಿಂತಿತ್ತು. ಕಿವಿ ದಾಟಲು ಇನ್ನೂ ನಾಲ್ಕು ಬೆರಳು. ಚಕ್ರವನ್ನು ಕಟ್ಟೆಗೆ ಒಯ್ಯೋಣವೆಂದರೆ, ಹಗ್ಗ ಹಿಡಿಯಲು ಎಡಗೈ ಮೊದಲು ಮೇಲೆ ಹೋಗಬೇಕು, ಅಲ್ಲಿಗೆ ಇಲ್ಲ ಅಂದಂತಾಯಿತು. ಹನುಮಕ್ಕ ಗೋಡೆಯನ್ನೇ ನೋಡುತ್ತಾ ಕೂತರು. "ಇನ್ನೊಂದು ತಿಂಗಳು ಸಿಕ್ಕಿದ್ರೆ ಆಗೋದು ಮಂಗಳಕ್ಕ. ಖಂಡಿತ ಆಗೋದು" ಅಂದರು.

"ನಾಳೆ ನನ್ನ ಪಕ್ಕ ಇರಿ, ಸಾಕು" ಅಂದೆ. ಧೈರ್ಯವಾಗಿಯೇ ಅಂದೆ.

ಹಸಿರು ಸೀರೆಯನ್ನೇ ಉಟ್ಟೆ. ಕೇಳುವ ಕಟ್ಟೆಯ ಮೇಲೆ ಕಲ್ಲಿನ ಬೆಂಚು, ಬೆಂಚಿನ ಬಲಕ್ಕೆ ಕಂಬ. ಕೇಳುವವರು ನಿಲ್ಲಬೇಕು, ಕೇಳಿಸಿಕೊಳ್ಳುವವರು ಕೂರಬೇಕು. ನನ್ನ ಎಡಕ್ಕೆ ಹನುಮಕ್ಕ ಕೂತರು. ಕೂತರೂ ಅವರ ಹೆಗಲು ನನ್ನ ಗಲ್ಲದ ಎತ್ತರಕ್ಕಿತ್ತು. ಎದುರಿಗೆ ಖಮರುನ್ನೀಸಾ ಅಮ್ಮ, ಜಾಗಟೆ ಹಿಡಿದ ತಿಪ್ಪೇಸ್ವಾಮಿ, ಸುತ್ತ ಇಡೀ ಊರು. ಪಾಲಾಕ್ಷಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಕೈ ಎಷ್ಟು ತಿಕ್ಕಿ ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. ಅದನ್ನು ನೋಡಿ ನನಗೆ ಅವರ ಮೇಲೆ ಇನ್ನಿಲ್ಲದ ಪ್ರೀತಿ ಬಂತು.

"ನನ್ನೊಡನೆ ಬಾಳಲು ಒಪ್ಪಿಗೆಯೇ?" ಅಂದರು ಸಣ್ಣ ದನಿಯಲ್ಲಿ. ತಿಪ್ಪೇಸ್ವಾಮಿ ಜಾಗಟೆ ಹೊಡೆದರು.

ನಾನು ಬೆರಳುಗಳನ್ನು ಕಂಬಕ್ಕೆ ಹತ್ತಿಸತೊಡಗಿದೆ. ಒಂದು ಹೆಜ್ಜೆ, ಎರಡು ಹೆಜ್ಜೆ. ಎದೆ ದಾಟಿತು, ಕತ್ತು ದಾಟಿತು, ದವಡೆಗೆ ಬಂದು ನಿಂತಿತು. ಹೆಗಲೊಳಗೆ ಹಳೆಯ ಬೆಂಕಿ ಎದ್ದಿತು. ಹಣೆಯಲ್ಲಿ ಬೆವರು. ಬೆರಳು ಇನ್ನೊಂದು ಹೆಜ್ಜೆ ಇಡಲೊಲ್ಲದು. ಜಾಗಟೆಯ ಸದ್ದು ಸಣ್ಣಗಾಗುತ್ತಿತ್ತು.

"ದಾಟಿಲ್ಲ, ಇನ್ನೂ ದಾಟಿಲ್ಲ," ಅಂತ ತಿಪ್ಪೇಸ್ವಾಮಿ ಪಿಸುಗುಟ್ಟಿದರು. ಅವರ ದನಿಯಲ್ಲಿ ಅಳು ಇತ್ತು.

ಪಾಲಾಕ್ಷಪ್ಪನವರಿಗೆ ನನ್ನ ಮುಖ ನೋಡಲಾಗಲಿಲ್ಲ. "ಬಿಡಿ ಮಂಗಳಮ್ಮೋರೆ. ನೀವು ಯಾವ ಕೈ ಎತ್ತೋಕೆ ಹೊರಟಿದ್ರಿ ಅಂತ ಗೊತ್ತಾಯ್ತಲ್ಲ, ನಂಗಷ್ಟೇ ಸಾಕು. ನೋವು ಮಾಡ್ಕೋಬೇಡಿ."

"ನಿಮ್ಗೆ ಸಾಕಾಗಿರ್ಬೋದು, ನಂಗೆ ಸಾಕಾಗಿಲ್ಲ!" ಅಂದೆ. "ಸುಮ್ನೆ ನಿಂತ್ಕೊಳ್ರೀ ಅಲ್ಲೇ!"

ಆಗ ಹನುಮಕ್ಕ ನನ್ನ ಕಡೆ ಸರಿದು ಕೂತರು. ಅವರ ಕಣ್ಣು ನನ್ನ ಕೈಯ ಮೇಲಿರಲಿಲ್ಲ, ತಲೆಯ ಮೇಲಿತ್ತು. "ಕೈ ಮೇಲೆ ಹೋಗ್ದಿದ್ರೆ ಹೋಗ್ಲಿ, ಕಿವಿ ಕೆಳಗೆ ಬರ್ಲಿ" ಅಂದವರೇ ನನ್ನ ತಲೆಯನ್ನು ಮೆಲ್ಲಗೆ ಎಡಕ್ಕೆ ಬಾಗಿಸಿ ತಮ್ಮ ಹೆಗಲ ಮೇಲೆ ಒರಗಿಸಿಕೊಂಡರು. ನನ್ನ ಎಡಗಿವಿ ಅವರ ಹೆಗಲಿಗೆ ಒತ್ತಿಕೊಂಡಿತು. ಬಲ ಮೊಣಕೈ ಇದ್ದಲ್ಲೇ ಇತ್ತು, ಆ ಎಡಗಿವಿ ನಾಲ್ಕು ಬೆರಳು ಕೆಳಗೆ ಬಂದಿತ್ತು.

ತಿಪ್ಪೇಸ್ವಾಮಿ ಬಗ್ಗಿ ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. "ಅಮ್ಮಾವ್ರೇ, ಎಡಗಿವಿಯನ್ನ ದಾಟೈತೆ. ಆದ್ರೆ ಬಲಗೈಗೆ ಬಲಗಿವಿ ಅಲ್ವಾ ಲೆಕ್ಕ?"

"ಯಾವ ಕಿವಿ ಅಂತ ಕಲ್ಲಲ್ಲಿದೆಯಾ? ಓಡು, ನೋಡು, ಕೈ ಎತ್ತಿ ಹೇಳು!"

ತಿಪ್ಪೇಸ್ವಾಮಿ ಪಂಚೆ ಎತ್ತಿಕಟ್ಟಿ ಕಲ್ಲಿನತ್ತ ಓಡಿದರು. ಅಕ್ಷರದ ಮೇಲೆ ಬೆರಳಾಡಿಸುತ್ತಾ ಗಟ್ಟಿಯಾಗಿ ಓದಿದರು, "ಮೊಣಕೈ… ಕಿವಿಯನ್ನು… ದಾಟತಕ್ಕದ್ದು." ಮತ್ತೊಮ್ಮೆ ಓದಿದರು. ಜಾಗಟೆಯ ಸದ್ದು ಇನ್ನೂ ನೊಣದ ಗುಂಯ್‌ಗುಟ್ಟುವಿಕೆಯಷ್ಟು ಉಳಿದಿತ್ತು. ತಿಪ್ಪೇಸ್ವಾಮಿ ಊರಿಗೆಲ್ಲ ಕಾಣುವಂತೆ ಎಡಗೈ ಎತ್ತಿದರು. ಯಾವ ಕಿವಿ ಅಂತ ಕಲ್ಲಿನಲ್ಲಿ ಇರಲಿಲ್ಲ.

"ಊರು ಹೆಗಲು ಕೊಟ್ಟಿದೆ, ಹೌದು ಅಂದದ್ದು ಆಯ್ತು" ಅಂದರು ಖಮರುನ್ನೀಸಾ ಅಮ್ಮ. ಎಲೆ ಅಡಿಕೆಯನ್ನು ಅವರು ಇನ್ನೂ ಬಾಯಿಗೇ ಇಟ್ಟುಕೊಂಡಿರಲಿಲ್ಲ.

ಎದ್ದ ಗದ್ದಲದಲ್ಲಿ ಯಾರು ಏನಂದರೋ ಕೇಳಲಿಲ್ಲ. ಪಾಲಾಕ್ಷಪ್ಪನವರು ನಿಂತಲ್ಲೇ ನಿಂತಿದ್ದರು, ಮುಖ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಹನುಮಕ್ಕ ಅಳುತ್ತಿದ್ದರು, ಅವರ ಹೆಗಲು ನನ್ನ ತಲೆಯ ಕೆಳಗೆ ಕುಲುಕುತ್ತಿತ್ತು. ಹದಿನೆಂಟು ವರ್ಷ ಹೇಳದೆ ಉಳಿಸಿಕೊಂಡಿದ್ದದ್ದೆಲ್ಲ ನನಗೆ ಒಟ್ಟಿಗೇ ನೆನಪಿಗೆ ಬಂತು. ಗ್ರೀಸಿನ ವಿಷಯ, ಎಂಟು ಸಲ ಬಾಗಿಲಿಗೆ ಬಂದ ವಿಷಯ, ಚಕ್ರದ ವಿಷಯ, ಎಲ್ಲವನ್ನೂ ಅಲ್ಲೇ ಶುರುಮಾಡಿದೆ.

"ಇಳಿಸಿ ಮಂಗಳಕ್ಕ, ಇನ್ನು ಕೈ ಇಳಿಸಿ," ಅಂದರು ಹನುಮಕ್ಕ ಕಣ್ಣೊರೆಸಿಕೊಳ್ಳುತ್ತಾ. "ಮಾತಾಡ್ತಾ ಮಾತಾಡ್ತಾ ಎತ್ತೇ ಇಟ್ಕೊಂಡು ಏನಾಯ್ತು ಅಂತ ಮರ್ತುಬಿಟ್ರಾ?"

ಮರೆತಿರಲಿಲ್ಲ. ನೋಯುತ್ತಲೂ ಇತ್ತು. ಆದರೂ ನಾನು ಇಳಿಸಲಿಲ್ಲ, ನನ್ನ ಮಾತು ಇನ್ನೂ ಮುಗಿದಿರಲಿಲ್ಲ.